ನಿಂತ ಕಾರಿಗೆ ಕಾವಲು

ಕಾರು ಕಳ್ಳತನ ತಡೆಯಲೆಂದು ಮಾರುಕಟ್ಟೆಯಲ್ಲಿ ಸಿಗುವ ಸಾಧನಗಳಲ್ಲಿ ಕೆಲವು ಕಳ್ಳನ ಕೆಲಸವನ್ನು ತಡಮಾಡುತ್ತವೆ, ಕೆಲವು ಎಂಜಿನ್ ಚಾಲೂ ಆಗದಂತೆ ನೋಡಿಕೊಳ್ಳುತ್ತವೆ, ಕೆಲವು ಕೂಗಿ ಜನರನ್ನು ಕರೆಯುತ್ತವೆ, ಇನ್ನು ಕೆಲವು ಕದ್ದ ಮೇಲೆ ಕಾರು ಎಲ್ಲಿದೆಯೆಂದು ಹೇಳುತ್ತವೆ. ಇವುಗಳಲ್ಲಿ ಯಾವುದು ಬೇಕು ಎಂಬುದನ್ನು ಕಾರಿನ ಬೆಲೆಗಿಂತ ಅದು ನಿಲ್ಲುವ ಜಾಗವೇ ಹೆಚ್ಚಾಗಿ ನಿರ್ಧರಿಸುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಹೊಂದುವ ವ್ಯವಸ್ಥೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗೆ ಹೊಂದಬೇಕೆಂದಿಲ್ಲ.

ಈ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಅಡಿಕೆ ತೋಟವೋ ಗುಡ್ಡವೋ ಇರುತ್ತದೆ. ಎಷ್ಟೋ ಮನೆಗಳ ಅಂಗಳದವರೆಗೆ ರಸ್ತೆ ಇಳಿಯುವುದಿಲ್ಲ; ಕಾರು ಮೇಲೆ ರಸ್ತೆ ಬದಿಯ ಶೀಟಿನ ಶೆಡ್ಡಿನಲ್ಲಿ, ಮನೆ ಕೆಳಗೆ ತೋಟದ ನಡುವೆ. ಇದಕ್ಕೆ ತೀರ ವಿರುದ್ಧವಾದ ಸ್ಥಿತಿ ಜಾತ್ರೆಯ ಕಾಲದ್ದು. ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಬಂದವರ ವಾಹನಗಳು, ಚಂಪಾಷಷ್ಠಿಗೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದವರ ವಾಹನಗಳು ಗಂಟೆಗಟ್ಟಲೆ ಯಾರ ಕಣ್ಣಿಗೂ ಬೀಳದೆ, ಅಥವಾ ಎಲ್ಲರ ಕಣ್ಣಿಗೂ ಬಿದ್ದು, ನಿಂತಿರುತ್ತವೆ. ಅಂಥ ಗದ್ದಲದಲ್ಲಿ ಒಬ್ಬಾತ ಕಾರಿನ ಬಾಗಿಲು ತಡಕಾಡುತ್ತಿದ್ದರೆ ಅದು ಅವನದೇ ಕಾರೆಂದು ಎಲ್ಲರೂ ತಿಳಿಯುತ್ತಾರೆ. ಕದ್ದವನಿಗೆ ದಾರಿಗಳಿಗೂ ಕೊರತೆಯಿಲ್ಲ. ಜಾಲ್ಸೂರಿನಿಂದ ಕೇರಳದ ಗಡಿ ಕೆಲವೇ ಕಿಲೋಮೀಟರ್. ಪಾಣಾಜೆ ದಾಟಿದರೂ ಕೇರಳವೇ. ಸಂಪಾಜೆ ಘಾಟಿ ಹತ್ತಿದರೆ ಕೊಡಗು, ಗುಂಡ್ಯದಿಂದ ಶಿರಾಡಿ ಹತ್ತಿದರೆ ಹಾಸನ.

ಮೊದಲ ಸಾಧನ ಕೀಲಿಕೈಯೇ. ಹಳ್ಳಿಯ ಅಂಗಳದಲ್ಲಿ ಕೀಯನ್ನು ಕಾರಿನಲ್ಲೇ ಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಮಕ್ಕಳಿಗೋ ಕೆಲಸದವರಿಗೋ ಕಾರು ಸ್ವಲ್ಪ ಹಿಂದೆ ಮುಂದೆ ಮಾಡಲು ಅನುಕೂಲವೆಂಬುದು ಅದಕ್ಕೆ ಕೊಡುವ ಕಾರಣ. ಕೀ ಒಳಗಿದ್ದರೆ ಮುಂದೆ ವಿವರಿಸುವ ಯಾವ ಸಾಧನಕ್ಕೂ ಅರ್ಥವಿಲ್ಲ. ಎರಡನೆಯ ಕೀ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇರುವುದಂತೂ ಕಳ್ಳನಿಗೆ ಕೊಟ್ಟ ಬಳುವಳಿ.

ಹಳೆಯ ಜೀಪು, ಓಮ್ನಿ, ಮಾರುತಿ 800ಗಳ ಕಾಲದಲ್ಲಿ ಬೀಗ ಬರೀ ಲೋಹದ ಕೆಲಸ. ಸವೆದ ಬೀಗಕ್ಕೆ ಬೇರೆ ಕಾರಿನ ಕೀ ಹಾಕಿದರೂ ತಿರುಗುತ್ತಿತ್ತು. ಇಗ್ನಿಷನ್‌ನ ವಯರುಗಳನ್ನು ಎಳೆದು ಜೋಡಿಸಿದರೆ ಎಂಜಿನ್ ಚಾಲೂ. ಆಗಿನ ಜಾಣ ಚಾಲಕರು ಪೆಟ್ರೋಲ್ ಜೀಪಿನ ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಕಿಡಿ ಹಂಚುವ ಆ ಪುಟ್ಟ ತುಂಡು ಇಲ್ಲದೆ ಎಂಜಿನ್ ಒಮ್ಮೆಯೂ ಹತ್ತುವುದಿಲ್ಲ. ಇವತ್ತಿನ ಇಲೆಕ್ಟ್ರಾನಿಕ್ ಬೀಗದ ಹಿಂದಿರುವುದೂ ಇದೇ ತರ್ಕ.

ಆ ಇಲೆಕ್ಟ್ರಾನಿಕ್ ಬೀಗದ ಹೆಸರು ಇಮ್ಮೊಬಿಲೈಸರ್. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೀ ಹಾಕಿ ತಿರುಗಿಸಿದಾಗ ಇಗ್ನಿಷನ್ ಬೀಗದ ಸುತ್ತ ಇರುವ ತಂತಿಯ ಸುರುಳಿ ರೇಡಿಯೋ ಅಲೆಯ ಮೂಲಕ ಚಿಪ್‌ಗೆ ಶಕ್ತಿ ಕೊಟ್ಟು ಗುರುತು ಕೇಳುತ್ತದೆ. ಉತ್ತರ ಸರಿಯಾಗಿದ್ದರೆ ಮಾತ್ರ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಂಧನ ಮತ್ತು ಕಿಡಿ ಬಿಡುತ್ತದೆ. ಮಾರುತಿ ಕಂಪನಿ ಈ ವ್ಯವಸ್ಥೆಯನ್ನು ಐಕ್ಯಾಟ್ಸ್ ಎಂದು ಕರೆದಿದೆ. ಬಸ್‌ಸ್ಟ್ಯಾಂಡ್ ಬಳಿ ಕಡಿಮೆ ದುಡ್ಡಿಗೆ ಕೀ ನಕಲು ಮಾಡಿಸಿದವರಿಗೆ ಇದರ ಅನುಭವವಿರುತ್ತದೆ: ಬಾಗಿಲು ತೆರೆಯುತ್ತದೆ, ಬೀಗವೂ ತಿರುಗುತ್ತದೆ, ಆದರೆ ಮೀಟರ್ ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಯುರೋಪಿನಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ 1998ರಲ್ಲಿ ಕಡ್ಡಾಯವಾಯಿತು. ಕಾರು ಕಳ್ಳತನ ತಡೆಯುವಲ್ಲಿ ಇದರಷ್ಟು ಕೆಲಸ ಮಾಡಿದ ಸಾಧನ ಇನ್ನೊಂದಿಲ್ಲ.

ಆದರೆ ಕಳ್ಳರೂ ಸುಮ್ಮನೆ ಕೂತಿಲ್ಲ. ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಕಿಂಡಿ ಇರುತ್ತದೆ. ಗಾಜು ಒಡೆದು ಒಳನುಗ್ಗಿ, ಅದೇ ಕಿಂಡಿಗೆ ಟ್ಯಾಬ್ಲೆಟ್‌ನಂಥ ಯಂತ್ರ ಜೋಡಿಸಿ, ಹೊಸ ಕೀಯನ್ನು ಕಾರಿಗೆ ಪರಿಚಯಿಸಿಬಿಡುವ ತಂಡಗಳು ದೆಹಲಿಯಂಥ ನಗರಗಳಲ್ಲಿ ಸಿಕ್ಕಿಬಿದ್ದಿವೆ. ಬಟನ್ ಒತ್ತಿ ಚಾಲೂ ಮಾಡುವ ಕಾರುಗಳಿಗೆ ಇನ್ನೊಂದು ಅಪಾಯವಿದೆ. ಅಂಥ ಕಾರು ತನ್ನ ಸುತ್ತ ಒಂದೆರಡು ಮೀಟರ್ ಒಳಗೆ ಕೀ ಇದೆಯೇ ಎಂದು ಹುಡುಕುತ್ತದೆ. ಒಬ್ಬ ಕಳ್ಳ ಕಾರಿನ ಬಳಿ, ಇನ್ನೊಬ್ಬ ಮನೆಯ ಗೋಡೆಯ ಬಳಿ ನಿಂತು, ಕಾರಿನ ಕರೆಯನ್ನು ಯಂತ್ರದಿಂದ ಹಿಗ್ಗಿಸಿ ಒಳಗಿರುವ ಕೀಗೆ ಮುಟ್ಟಿಸಿದರೆ, ಕೀ ಪಕ್ಕದಲ್ಲೇ ಇದೆ ಎಂದು ಕಾರು ನಂಬುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾದರಿಗಳ ಮೇಲೆ ಈ ತಂತ್ರ ಪ್ರಯೋಗಿಸಿ ಫಲಿಸುವುದೆಂದು ತೋರಿಸಿದರು. ಇದಕ್ಕೆ ಮದ್ದು ಅಗ್ಗದ್ದು. ಕೀಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕದೆ ಮುಚ್ಚಳವಿರುವ ಲೋಹದ ಡಬ್ಬಿಯಲ್ಲೋ ಅಲೆ ತಡೆಯುವ ಚೀಲದಲ್ಲೋ ಇಡಬೇಕು. ಡಬ್ಬಿಯನ್ನು ಕಾರಿನ ಪಕ್ಕಕ್ಕೆ ಒಯ್ದಾಗಲೂ ಬಾಗಿಲು ತೆರೆದರೆ ಆ ಡಬ್ಬಿ ಪ್ರಯೋಜನಕ್ಕಿಲ್ಲ.

ಯಂತ್ರಕ್ಕೆ ಯಂತ್ರ ಹುಟ್ಟಿಕೊಳ್ಳುವಾಗ ಹಳೆಯ ಕಬ್ಬಿಣದ ಬೀಗಕ್ಕೆ ಮತ್ತೆ ಬೆಲೆ ಬಂದಿದೆ. ಬಹುತೇಕ ಕಾರುಗಳಲ್ಲಿ ಇರುವ ಸ್ಟೀರಿಂಗ್ ಲಾಕನ್ನೇ ಹಲವರು ಪೂರ್ತಿ ಬಳಸುವುದಿಲ್ಲ. ಕೀ ತೆಗೆದ ಮೇಲೆ ಚಕ್ರವನ್ನು 'ಟಕ್' ಎನ್ನುವವರೆಗೆ ಒಂದು ಕಡೆಗೆ ತಿರುಗಿಸಿದರೇ ಅದು ಬೀಳುವುದು. ಗೇರ್ ಲಾಕ್ ಇದಕ್ಕಿಂತ ಗಟ್ಟಿ. ಗೇರ್ ಲಿವರಿನ ಪಕ್ಕ ನೆಲಕ್ಕೆ ಬಿಗಿದ ಉಕ್ಕಿನ ಬೀಗ, ಲಿವರನ್ನು ರಿವರ್ಸ್‌ನಲ್ಲಿ ಹಿಡಿದಿಡುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ಪಾರ್ಕ್ ಸ್ಥಾನದಲ್ಲಿ. ಒಳ್ಳೆಯ ಗೇರ್ ಲಾಕಿನ ಬೋಲ್ಟುಗಳು ಬಿಗಿದಾದ ಮೇಲೆ ತಲೆ ಮುರಿದು ಬೀಳುವಂಥವು, ಹಾಗಾಗಿ ಸ್ಪ್ಯಾನರಿಗೆ ಹಿಡಿತ ಸಿಗುವುದಿಲ್ಲ. ಎಂಜಿನ್ ಚಾಲೂ ಮಾಡುವಲ್ಲಿ ಕಳ್ಳ ಗೆದ್ದರೂ ಕಾರು ಹಿಂದಕ್ಕೇ ಹೋಗಬೇಕು. ಇಳಿಜಾರಿನ ಅಂಗಳದಲ್ಲಿ ಕಾರು ಜಾರದಂತೆ ಗೇರಿನಲ್ಲಿ ನಿಲ್ಲಿಸುವುದು ಹೇಗೂ ರೂಢಿ, ಆದ್ದರಿಂದ ಇದು ಹೊಸ ಅಭ್ಯಾಸವೂ ಅಲ್ಲ. ಸ್ಟೀರಿಂಗ್‌ಗೆ ಅಡ್ಡ ಹಾಕುವ ಉದ್ದ ಸರಳು ಹೊರಗಿನಿಂದಲೇ ಕಾಣುತ್ತದೆ. ಅವಸರದ ಕಳ್ಳ ಪಕ್ಕದ ಕಾರಿಗೆ ಹೋಗುವಂತೆ ಮಾಡುವುದೇ ಅದರ ದೊಡ್ಡ ಗುಣ.

ಇಂಧನ ಪಂಪಿನ ವಯರಿಗೆ ಗುಟ್ಟಾಗಿ ಜೋಡಿಸುವ ಸ್ವಿಚ್ ಹಳೆಯ ಕಾರುಗಳಿಗೆ ಒಳ್ಳೆಯ ಉಪಾಯ. ಸ್ವಿಚ್ ಬಂದ್ ಆಗಿದ್ದರೆ ಎಂಜಿನ್ ಪೈಪಿನಲ್ಲಿ ಉಳಿದ ಇಂಧನದಲ್ಲಿ ತುಸು ಹೊತ್ತು ಓಡಿ ನಿಲ್ಲುತ್ತದೆ. ಇದನ್ನು ಬಲ್ಲ ಎಲೆಕ್ಟ್ರೀಷಿಯನ್ನನಿಂದಲೇ ಮಾಡಿಸಬೇಕು. ವಾರಂಟಿ ಇರುವ ಕಾರಿನ ವಯರು ಕತ್ತರಿಸಿದರೆ ವಾರಂಟಿಗೇ ಕುತ್ತು. ಕರಾವಳಿಯ ಮಳೆಗಾಲದಲ್ಲಿ ಅರೆಬರೆ ಸುತ್ತಿದ ಜೋಡಣೆಗೆ ಕಿಲುಬು ಹಿಡಿದು ನಡುದಾರಿಯಲ್ಲಿ ಕಾರು ನಿಲ್ಲುವುದೂ ಉಂಟು.

ಸೈರನ್ನಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದು ಕೇಳುವವರಿದ್ದಲ್ಲಿ ಮಾತ್ರ ಸಾಧನ. ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ, ಶೆಡ್ಡಿನ ಶೀಟಿನ ಮೇಲೆ ಬಿದ್ದ ತೆಂಗಿನಕಾಯಿಗೆ, ಬಾನೆಟ್ ಮೇಲೆ ಹಾರಿದ ಮಂಗಕ್ಕೆ ಅದು ಕೂಗುತ್ತದೆ. ನಾಲ್ಕು ಸಲ ಸುಳ್ಳಾಗಿ ಕೂಗಿದ ಮೇಲೆ ಮನೆಯವರೇ ಅದನ್ನು ಬಂದ್ ಮಾಡುತ್ತಾರೆ. ಅದುರುವಿಕೆಯನ್ನು ಗ್ರಹಿಸುವ ಸೆನ್ಸರಿನ ಸೂಕ್ಷ್ಮತೆ ಕಡಿಮೆ ಮಾಡಿಸಿದರೆ ಈ ತೊಂದರೆ ತಗ್ಗುತ್ತದೆ.

ಜಿಪಿಎಸ್ ಟ್ರ್ಯಾಕರ್ ಉಪಗ್ರಹಗಳಿಂದ ತನ್ನ ಸ್ಥಾನ ತಿಳಿದು, ಒಳಗಿನ ಸಿಮ್ ಮೂಲಕ ಮಾಲೀಕನ ಮೊಬೈಲಿಗೆ ಕಳಿಸುತ್ತದೆ. ಕಾರು ಗೊತ್ತುಮಾಡಿದ ವಲಯ ದಾಟಿದೊಡನೆ ಸಂದೇಶ ಬರುವಂತೆ ಮಾಡಬಹುದು. ಇಲ್ಲಿನ ತೊಡಕು ನೆಟ್‌ವರ್ಕ್. ಸಂಪಾಜೆ, ಶಿರಾಡಿ, ಬಿಸಿಲೆಯ ಕಾಡು ದಾರಿಗಳಲ್ಲಿ ಸಿಗ್ನಲ್ ಹೋದಷ್ಟು ಹೊತ್ತು ಕಾರು ಕಾಣೆ. ಒಳ್ಳೆಯ ಟ್ರ್ಯಾಕರ್ ಆ ಹೊತ್ತಿನ ದಾರಿಯನ್ನು ನೆನಪಿಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸುತ್ತದೆ. ಸ್ವಂತ ಬ್ಯಾಟರಿ ಇರುವ ಟ್ರ್ಯಾಕರೇ ಬೇಕು, ಇಲ್ಲವಾದರೆ ಕಾರಿನ ಬ್ಯಾಟರಿ ಕಳಚಿದ ಕ್ಷಣ ಅದೂ ಸತ್ತಂತೆ. ಸಿಮ್ ರೀಚಾರ್ಜ್ ಮರೆತ ಟ್ರ್ಯಾಕರ್ ಇದ್ದೂ ಇಲ್ಲದ ಹಾಗೆ. ಮೊಬೈಲಿನಿಂದಲೇ ಎಂಜಿನ್ ನಿಲ್ಲಿಸುವ ಸೌಲಭ್ಯವನ್ನು ಅಂಗಡಿಯವರು ದೊಡ್ಡದಾಗಿ ಹೇಳುತ್ತಾರೆ, ಆದರೆ ಓಡುತ್ತಿರುವ ಕಾರಿನ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗಬಹುದು, ಬ್ರೇಕಿಗೆ ಸಿಗುವ ನೆರವೂ ಬೇಗ ಮುಗಿಯುತ್ತದೆ. ಘಾಟಿಯ ತಿರುವಿನಲ್ಲಿ ಇದರಿಂದ ಎದುರು ಬರುವ ಬಸ್ಸಿನವರ ಜೀವಕ್ಕೂ ಅಪಾಯ. ಒಮ್ಮೆ ನಿಂತ ಎಂಜಿನ್ ಮತ್ತೆ ಹತ್ತದಂತೆ ತಡೆಯುವ ಮಾದರಿಯೇ ಸರಿ.

ನಂಬರ್ ಪ್ಲೇಟ್ ಕೂಡ ಕಾವಲಿನ ಭಾಗವೇ. 2019ರ ಏಪ್ರಿಲ್ 1ರ ನಂತರದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಪ್ಲೇಟ್ ಕಡ್ಡಾಯ. ಅದಕ್ಕೂ ಹಿಂದಿನ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ ಸರಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಈ ಪ್ಲೇಟಿನಲ್ಲಿ ಅಶೋಕ ಚಕ್ರದ ಹಾಲೋಗ್ರಾಂ, ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಕಿತ್ತರೆ ಮತ್ತೆ ಬಳಸಲಾಗದ ಲಾಕ್ ಇರುತ್ತವೆ. ಪುತ್ತೂರು ಆರ್‌ಟಿಒದ ಕೆಎ-21 ಕಾರಿಗೆ ಕಾಸರಗೋಡಿನ ಕೆಎಲ್-14 ಪ್ಲೇಟ್ ಹೊಡೆದು ಓಡಿಸುವುದು ಇದರಿಂದ ಅಸಾಧ್ಯವಾಗದಿದ್ದರೂ ಕಷ್ಟವಾಗಿದೆ. ಬೇರೆ ಭಾಗಗಳ ಮೇಲೂ ಗುರುತು ಬೇಕೆಂದರೆ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಎಲ್ಲ ಗಾಜುಗಳ ಮೂಲೆಯಲ್ಲಿ ಕೆತ್ತಿಸಬಹುದು. ಪ್ಲೇಟ್ ಬದಲಿಸುವುದು ಸುಲಭ, ಆರು ಗಾಜು ಬದಲಿಸುವುದು ದುಬಾರಿ.

ಕಾರು ಪೂರ್ತಿ ಕದಿಯುವುದಕ್ಕಿಂತ ಒಳಗಿನ ವಸ್ತು ಕದಿಯುವುದು ಸುಲಭ. ಕುಕ್ಕೆಯ ಕುಮಾರಧಾರಾ ಸ್ನಾನಘಟ್ಟಕ್ಕೆ ಇಳಿಯುವವರು ಮೊಬೈಲ್, ಪರ್ಸು, ಬಳೆ ಸರಗಳನ್ನು ಸೀಟಿನ ಮೇಲೋ ಕೆಳಗೋ ಇಟ್ಟು ಹೋಗುತ್ತಾರೆ. ಒಂದು ಗಾಜು ಒಡೆಯಲು ಕೆಲವೇ ಕ್ಷಣ ಸಾಕು. ಇದಕ್ಕೆ ಸಾಧನವಿಲ್ಲ. ಇಡುವುದನ್ನು ಕಾಣದಂತೆ ಡಿಕ್ಕಿಯಲ್ಲಿಡಬೇಕು, ಅದೂ ನಿಲ್ಲಿಸುವ ಜಾಗಕ್ಕೆ ಬರುವ ಮುಂಚೆಯೇ.

ಇಷ್ಟಾಗಿಯೂ ಕಾರು ಹೋದರೆ 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೆ ದೂರು ಕೊಡಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ದೂರನ್ನು ಇಲೆಕ್ಟ್ರಾನಿಕ್ ಮಾರ್ಗದಲ್ಲೂ ಕಳಿಸಬಹುದು, ಆದರೆ 3 ದಿನದೊಳಗೆ ಸಹಿ ಹಾಕಬೇಕು. ಫಾಸ್ಟ್ಯಾಗ್ ಸಂದೇಶವನ್ನೂ ಗಮನಿಸುತ್ತಿರಬೇಕು. ಬ್ರಹ್ಮರಕೂಟ್ಲುವಿನಲ್ಲೋ ತಲಪಾಡಿಯಲ್ಲೋ ಟೋಲ್ ಕಡಿತವಾದರೆ ಕಾರು ಹೋದ ದಿಕ್ಕು ತಿಳಿಯುತ್ತದೆ. ವಿಮೆ ಕಂಪನಿಗೂ ಕೂಡಲೇ ತಿಳಿಸುವುದು ಒಳ್ಳೆಯದು. ಕಳುವಾದ ಟ್ರ್ಯಾಕ್ಟರ್ ಒಂದರ ಪ್ರಕರಣದಲ್ಲಿ, ಪೊಲೀಸರಿಗೆ ಅದೇ ದಿನ ದೂರು ಕೊಟ್ಟಿದ್ದರೆ ವಿಮೆ ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ.

ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐ ಒಪ್ಪಿದ ಕಳ್ಳತನ ನಿರೋಧಕ ಸಾಧನ ಹಾಕಿಸಿದರೆ ವಿಮೆಯ ಕಂತಿನಲ್ಲಿ ಸ್ವಂತ ಹಾನಿಯ ಭಾಗಕ್ಕೆ 2.5%, ಗರಿಷ್ಠ 500 ರೂಪಾಯಿ ರಿಯಾಯಿತಿ ಪಡೆಯುವ ಅವಕಾಶವಿದೆ. ಈ ಅಲ್ಪ ಮೊತ್ತಕ್ಕಾಗಿ ಯಾರೂ ಸಾಧನ ಹಾಕಿಸಬೇಕಾಗಿಲ್ಲ. ಪರಿಹಾರ ಕೇಳುವಾಗ ಕಂಪನಿಯವರು ಕಾರಿನ ಎರಡೂ ಕೀಗಳನ್ನು ಕೇಳುತ್ತಾರೆ, ಕಾರು ಪತ್ತೆಯಾಗಿಲ್ಲವೆಂಬ ಪೊಲೀಸ್ ವರದಿಯನ್ನೂ ಕೇಳುತ್ತಾರೆ. ಸಿಗುವುದು ಕೊಂಡ ಬೆಲೆಯಲ್ಲ, ಸವಕಳಿ ಕಳೆದ ಬೆಲೆ. 4 ವರ್ಷ ದಾಟಿದ ಕಾರಿಗೆ ಸವಕಳಿಯೇ 50%. ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿದವರಿಗೆ ಕಳುವಾದ ಕಾರಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ.