ನಿದ್ದೆಗೆಂದು ಕೊಟ್ಟದ್ದು ಮನಸ್ಸಿನ ಮಾತ್ರೆಯೇ?

ರಾತ್ರಿ ಹನ್ನೆರಡಾಯಿತು, ಒಂದಾಯಿತು. ಪಕ್ಕದಲ್ಲಿ ಯಜಮಾನರ ಗೊರಕೆ ಸಾಂಗವಾಗಿ ನಡೆದಿದೆ. ನೀವು ಮಾತ್ರ ಹೆಂಚಿನ ಮಾಡು ನೋಡುತ್ತ ಮಲಗಿದ್ದೀರಿ. ತೋಟದ ಕಡೆ ನಾಯಿ ಬೊಗಳಿದರೆ ಎದೆ ಧಸಕ್ಕೆನ್ನುತ್ತದೆ. ಬಾಳೆ ಮುರಿದ ಸದ್ದೇ? ಬರೀ ಗಾಳಿಯೇ? ಸಕಲೇಶಪುರ, ಆಲೂರು ಸೀಮೆಯ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಊರಿನ ಓದುಗರಿಗಾಗಿ ಒಂದು ಮಾತು. ಈ ಬೆಟ್ಟಗಳಲ್ಲಿ ಆನೆ ಎಂದರೆ ದಸರಾ ಮೆರವಣಿಗೆಯಲ್ಲ. ಹೈಕೋರ್ಟಿನ ಆದೇಶದ ಮೇರೆಗೆ 2014ರಲ್ಲಿ ಆಲೂರು ಭಾಗದಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಕಾಟ ತೀರಲಿಲ್ಲ. ಮೈಸೂರಿನಲ್ಲಿ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದ ಎದುರು ಪ್ರಾಣ ಬಿಟ್ಟ. ಹೋದ ಜೀವಕ್ಕೆ, ಹೋದ ಬೆಳೆಗೆ ಸರ್ಕಾರದಲ್ಲಿ ಒಂದು ಕಡತ ಇರುತ್ತದೆ. ಕೆಟ್ಟ ನಿದ್ದೆಗೆ ಅರ್ಜಿ ಹಾಕಲು ಯಾವ ಕಚೇರಿಯೂ ಇಲ್ಲ.

ವಿಚಿತ್ರವೆಂದರೆ, ಆನೆಯ ಹಿಂಡು ಬೇರೆ ಕಡೆ ಹೋದ ಮೇಲೂ ಹೋದ ನಿದ್ದೆ ವಾಪಸು ಬರುವುದಿಲ್ಲ. ಹಾಸಿಗೆ ಕಂಡರೆ ಎಚ್ಚರವಾಗಿರಬೇಕೆಂದು ಮೈ ಪಾಠ ಕಲಿತುಬಿಟ್ಟಿರುತ್ತದೆ. ಆನೆಯ ಜಾಗಕ್ಕೆ ಸಾಲ, ಮಗಳ ಮದುವೆ, ಕುಯ್ಲಿಗೆ ಆಳು ಸಿಗದ ಚಿಂತೆ ಬಂದು ಕೂರುತ್ತವೆ. ತಿಂಗಳುಗಟ್ಟಲೆ ಹೀಗೇ ನಡೆದು, ಕೊನೆಗೆ ನೀವು ಡಾಕ್ಟರ ಹತ್ತಿರ ಹೋಗುತ್ತೀರಿ. ಅವರು ಒಂದು ಪುಟ್ಟ ಮಾತ್ರೆ ಬರೆದುಕೊಡುತ್ತಾರೆ. ಎರಡು ರಾತ್ರಿ ಚೆನ್ನಾಗಿ ನಿದ್ದೆ. ಮೂರನೆಯ ದಿನ ಬೆಂಗಳೂರಿನಿಂದ ಬಂದ ಮಗ ಫೋನಿನಲ್ಲಿ ಅದರ ಹೆಸರು ಹುಡುಕಿ, "ಅಮ್ಮಾ, ಇದು ಡಿಪ್ರೆಶನ್‌ಗೆ ಕೊಡೋ ಮಾತ್ರೆ ಕಣಮ್ಮಾ" ಎನ್ನುತ್ತಾನೆ. ಅತ್ತೆಯವರು ಕೇಳಿಸಿಕೊಂಡು, "ಅಯ್ಯೋ, ಇವಳಿಗೆ ತಲೆಗೇನಾಯ್ತು?" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಮಾತ್ರೆ ಬಚ್ಚಲೊಲೆಗೆ!

ದಯವಿಟ್ಟು ಹಾಗೆ ಮಾಡಬೇಡಿ. ಹಾಗೆಂದು, ಅದೇ ಹಳೇ ಚೀಟಿ ಹಿಡಿದು ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ತರಿಸಿಕೊಂಡು ನುಂಗುತ್ತ ಹೋಗಲೂಬೇಡಿ. ಎರಡನೆಯ ತಪ್ಪು ನಮ್ಮ ಮನೆಗಳಲ್ಲಿ ಮೊದಲನೆಯದಷ್ಟೇ ಸಾಮಾನ್ಯ, ಆದರೆ ಅದರ ಬಗ್ಗೆ ಯಾರೂ ಗಲಾಟೆ ಮಾಡುವುದಿಲ್ಲ.

ಶೀತಕ್ಕೆ ಮಾತ್ರೆ ನುಂಗಿದಾಗ ತೂಕಡಿಕೆ ಬರುತ್ತದಲ್ಲ? ಮಿದುಳನ್ನು ಎಚ್ಚರವಾಗಿಡುವ ಹಿಸ್ಟಮಿನ್ ಎಂಬ ವಸ್ತುವಿನ ಕೆಲಸವನ್ನು ಆ ಮಾತ್ರೆ ತಡೆಯುತ್ತದೆ, ಅದಕ್ಕೇ. ಖಿನ್ನತೆಗೆಂದು ಬಂದ ಕೆಲವು ಮಾತ್ರೆಗಳೂ ಹೀಗೇ ಮಾಡುತ್ತವೆ. 1961ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಅಮಿಟ್ರಿಪ್ಟಿಲಿನ್ ಇವುಗಳಲ್ಲಿ ಹಳೆಯದು. ಡಾಕ್ಸೆಪಿನ್, ಟ್ರಜೊಡೋನ್, ಮಿರ್ಟಜಪಿನ್ ಇದರ ನೆಂಟರು. ಗುಟ್ಟಿರುವುದು ಅಳತೆಯಲ್ಲಿ. ಖಿನ್ನತೆಗೆ ಅಮಿಟ್ರಿಪ್ಟಿಲಿನ್ ದಿನಕ್ಕೆ 75 ಮಿಲಿಗ್ರಾಂ, ಕೆಲವೊಮ್ಮೆ 150ರವರೆಗೂ ಬೇಕು. ನಿದ್ದೆಗೆಂದು ಕೊಡುವುದು 10 ಅಥವಾ 25. ಇಷ್ಟು ಸಣ್ಣ ಪ್ರಮಾಣ ಖಿನ್ನತೆಗೆ ಸಾಲುವುದೇ ಇಲ್ಲ. ಆದ್ದರಿಂದ ಈ ಮಾತ್ರೆ ಬರೆದರು ಎಂದ ಮಾತ್ರಕ್ಕೆ ಡಾಕ್ಟರು ನಿಮ್ಮನ್ನು ಮನೋರೋಗಿ ಎಂದು ತೀರ್ಮಾನಿಸಿದರೆಂದಲ್ಲ. ಅರೆತಲೆನೋವಿಗೂ ಸಕ್ಕರೆ ಕಾಯಿಲೆಯ ಅಂಗಾಲುರಿಗೂ ಇದನ್ನೇ ಕೊಡುತ್ತಾರೆ. (ಇನ್ನು ನಿಜವಾಗಿಯೂ ಖಿನ್ನತೆಯೇ ಇದ್ದರೆ ಅದರಲ್ಲಿ ನಾಚಿಕೆ ಏನು ಬಂತು? ಥೈರಾಯ್ಡ್ ಮಾತ್ರೆಯನ್ನು ಡಬ್ಬಿಯಲ್ಲಿ ಎಲ್ಲರ ಕಣ್ಣೆದುರಿಗೇ ಇಡುತ್ತೇವಷ್ಟೆ.)

ಡಾಕ್ಟರುಗಳು ಇದನ್ನು ಆರಿಸುವುದಕ್ಕೂ ಕಾರಣವುಂಟು. ನಿದ್ದೆ ಮಾತ್ರೆ ಎಂದು ಊರೆಲ್ಲ ಕರೆಯುವ ಆಲ್‌ಪ್ರಜೋಲಮ್ ಬೇಗ ಚಟ ಹತ್ತಿಸುತ್ತದೆ. ವಯಸ್ಸಾದವರು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. 2014ರಿಂದ ಔಷಧದಂಗಡಿಯವರು ಅದರ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವೂ ಬಂದಿದೆ. ಅಮಿಟ್ರಿಪ್ಟಿಲಿನ್‌ಗೆ ಆ ಬಗೆಯ ಚಟವಿಲ್ಲ.

ಹಾಗಾದರೆ ಇದು ಒಳ್ಳೆಯದೇ? ಇಲ್ಲಿ ಸ್ವಲ್ಪ ನಿಧಾನಿಸಿ. 2018ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಅದುವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಸಣ್ಣ ಪ್ರಮಾಣದ ಡಾಕ್ಸೆಪಿನ್, ಟ್ರಜೊಡೋನ್‌ಗಳಿಂದ ಕೆಲವು ವಾರಗಳ ಮಟ್ಟಿಗೆ ನಿದ್ದೆ ಸ್ವಲ್ಪ ಸುಧಾರಿಸೀತು ಎಂಬಷ್ಟೇ ತಿಳಿಯಿತು. ಎಲ್ಲರೂ ಧಾರಾಳವಾಗಿ ಬರೆಯುವ ಅಮಿಟ್ರಿಪ್ಟಿಲಿನ್ ಬಗ್ಗೆ ಗಟ್ಟಿ ಆಧಾರವೇ ಸಿಗಲಿಲ್ಲ. ಟ್ರಜೊಡೋನನ್ನು ನಿದ್ರಾಹೀನತೆಗೆ ಬಳಸದಿರುವುದೇ ವಾಸಿ ಎಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2017ರಲ್ಲಿ ಸಲಹೆ ಮಾಡಿತ್ತು. ಕೆಲವರಿಗೆ ಕೆಲವು ದಿನ ಆಸರೆಯಾಗುವ ಮಾತ್ರೆ ಇದು, ವರ್ಷಗಳ ಊರುಗೋಲಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಯಾವುದರಲ್ಲೂ ಮನಸ್ಸಿಲ್ಲ, ಕಾರಣವಿಲ್ಲದೆ ಅಳು, ಬದುಕೇ ಬೇಡ ಎನಿಸುವುದು, ಹೀಗಿದ್ದರೆ ಮಾತು ಬೇರೆ. ಆಗ ನಿದ್ದೆಯಷ್ಟನ್ನೇ ಅಲ್ಲ, ಖಿನ್ನತೆಯನ್ನೇ ಪೂರ್ತಿ ಪ್ರಮಾಣದಲ್ಲಿ ಚಿಕಿತ್ಸೆ ಮಾಡಬೇಕು.

ನುಂಗುವವರು ತಿಳಿದಿರಬೇಕಾದ್ದು ಇಷ್ಟು. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ. ಮಿರ್ಟಜಪಿನ್ ಆದರೆ ಹಸಿವು ಹೆಚ್ಚಿ ಮೈ ಬರುತ್ತದೆ. ಕಡುಬು ನಾಲ್ಕಿದ್ದದ್ದು ಆರಾಗುತ್ತದೆ! ಗ್ಲಾಕೋಮ, ಹೃದಯದ ತೊಂದರೆ, ಮೂತ್ರ ಕಟ್ಟುವುದು ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಬಸುರಿ, ಬಾಣಂತಿಯರೂ ಅಷ್ಟೇ. ರಾತ್ರಿ ಎದ್ದರೆ ತಲೆ ತಿರುಗೀತು, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳಿ. ಹನ್ನೊಂದಕ್ಕೆ ನುಂಗಿದರೆ ಬೆಳಿಗ್ಗೆ ಎಂಟಾದರೂ ಮಂಪರು ಹೋಗುವುದಿಲ್ಲ. ಮಂಜಿನಲ್ಲಿ ತೋಟದ ದಾರಿ ನಡೆಯುವವರಿಗೆ, ಏಣಿ ಹತ್ತಿ ಮೆಣಸು ಕುಯ್ಯುವವರಿಗೆ ಇದು ಸಣ್ಣ ಮಾತಲ್ಲ. ಎಷ್ಟು ಹೊತ್ತಿಗೆ ನುಂಗಬೇಕೆಂದು ಡಾಕ್ಟರನ್ನು ಕೇಳಿ. ರಾತ್ರಿ ಕಾವಲಿಗೆ ಕೂರುವ ಗಂಡಸರಿಗೆ ಈ ಮಾತ್ರೆ ಸಲ್ಲದು. ಹೆಂಡದ ಜೊತೆ ಯಾರಿಗೂ ಸಲ್ಲದು. ತಿಂಗಳುಗಟ್ಟಲೆ ನುಂಗಿದ್ದನ್ನು ಒಂದೇ ದಿನಕ್ಕೆ ನಿಲ್ಲಿಸಿದರೆ ವಾಕರಿಕೆ, ತಳಮಳ, ಮತ್ತಷ್ಟು ಕೆಟ್ಟ ನಿದ್ದೆ. ಹಂತಹಂತವಾಗಿ ಇಳಿಸಬೇಕು.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಅಮಿಟ್ರಿಪ್ಟಿಲಿನ್ ಜಾತಿಯ ಮಾತ್ರೆ ಅಳತೆ ಮೀರಿದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಕ್ಕಳಿಗೆ ಕೆಲವೇ ಮಾತ್ರೆ ಸಾಕು, ಜೀವಕ್ಕೇ ಅಪಾಯ. ಅಡುಗೆಮನೆಯ ಗೂಡಿನಲ್ಲಿ ಇಡಬೇಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ. ಮನೆಯಲ್ಲಿ ಯಾರಾದರೂ ಬಹಳ ನೊಂದಿದ್ದರೆ ಬೀಗದ ಕೈ ಬೇರೆಯವರ ಬಳಿ ಇರಲಿ.

ಹೆಂಗಸರಲ್ಲಿ ಕಾಲಿನ ಚಡಪಡಿಕೆಯಿಂದ ನಿದ್ದೆ ಕೆಡುವುದೂ ಉಂಟು. ಮಲಗಿದೊಡನೆ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ ಆಡಿಸದೆ ಇರಲಾಗುವುದಿಲ್ಲ. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದಾಗ ಇದು ಹೆಚ್ಚು. ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್‌ಗಳಿಂದ ಇದು ಉಲ್ಬಣಿಸಬಹುದು. ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಮಾತ್ರೆಗಿಂತ ಮೊದಲು ಮಾಡಬೇಕಾದ ಚಿಕಿತ್ಸೆ ಯಾವುದೆಂದು ಕೇಳಿದರೆ, ನಿದ್ದೆಯ ಅಭ್ಯಾಸವನ್ನು ತಿದ್ದುವುದು ಎಂದು 2016ರಲ್ಲೇ ಅಮೆರಿಕದ ವೈದ್ಯರ ಕಾಲೇಜು ಹೇಳಿತು. ಮಾಡುವುದು ಕಷ್ಟ, ಖರ್ಚು ಸೊನ್ನೆ. ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಆರು ಗಂಟೆ ನಿದ್ದೆ ಬರುವವರು ಒಂಬತ್ತು ಗಂಟೆ ಹಾಸಿಗೆಯಲ್ಲಿ ಹೊರಳಬೇಡಿ. ಮಲಗುವ ಹೊತ್ತನ್ನೇ ತಡ ಮಾಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಒಲೆಯ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯಿರಿ, ತೂಕಡಿಕೆ ಬಂದ ಮೇಲೆ ಮತ್ತೆ ಮಲಗಿ. ಅಂಗಳಕ್ಕೆ ಮಾತ್ರ ಇಳಿಯಬೇಡಿ. ಆನೆಗೆ ನಿಮ್ಮ ಚಿಕಿತ್ಸೆಯ ವಿಷಯ ಗೊತ್ತಿರುವುದಿಲ್ಲ.

ಕಾಫಿಯ ವಿಷಯ ಎತ್ತಿದರೆ ಮಲೆನಾಡಿನವರು ಮುನಿಸಿಕೊಳ್ಳುತ್ತಾರೆ, ಆದರೂ ಹೇಳಲೇಬೇಕು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಲೋಟ ತುಂಬ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟದಷ್ಟು ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ನಂತರ ಬಿಡಿ. ನೆಂಟರು ಬಂದರೆ ಅವರಿಗೆ ಕಾಫಿ, ನಿಮಗೆ ಜೀರಿಗೆ ಕಷಾಯ.

ಡಾಕ್ಟರನ್ನು ನೋಡಲು ದೂರ ಹೋಗಬೇಕೆಂದೇನೂ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಸರಿರಾತ್ರಿಯಲ್ಲೂ ಎತ್ತುತ್ತಾರೆ. ಹೋಗುವಾಗ ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಕುಡಿದ ಕಾಫಿ ಎಲ್ಲವನ್ನೂ ಹಾಲಿನ ಲೆಕ್ಕ ಬರೆಯುವ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ನೀವು ನುಂಗುವ ಬಿ.ಪಿ., ಸಕ್ಕರೆ, ಮಂಡಿನೋವಿನ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಯಾವುದಕ್ಕೆ ಯಾವುದು ಕೂಡದು ಎಂದು ಅವರು ನೋಡಿ ಹೇಳುತ್ತಾರೆ.