ಬದಿಗಿಟ್ಟ ಸದ್ದು ಮರಳಿ ಬಂದಾಗ

ಸೊಲ್ಲಾಪುರದ ಪೂರ್ವ ಭಾಗದ ಓಣಿಗಳಲ್ಲಾಗಲಿ, ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಾಗಲಿ ಪವರ್‌ಲೂಮ್ ಶೆಡ್ಡಿನ ಮುಂದೆ ಕ್ಷಣಕಾಲ ನಿಂತವರಿಗೆ ಆ ಸದ್ದಿನ ಪರಿಚಯವಿದೆ. ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಡಿದು ಮರಳುವ ಖಟಖಟ, ಅದರ ಕೆಳಗೆ ಎಡೆಬಿಡದೆ ಮೊರೆಯುವ ಮೋಟಾರಿನ ಗುಂಯ್‌ಗಾರ. ಚಾದರ ನೇಯುವ ಮನೆಗಳ ಮಕ್ಕಳು ಈ ಸದ್ದಿನಲ್ಲಿಯೇ ಮಲಗುತ್ತಾರೆ, ಈ ಸದ್ದಿನಲ್ಲಿಯೇ ಪಾಠ ಓದುತ್ತಾರೆ. ಇದನ್ನು ಸಂಗೀತವೆಂದು ಕರೆಯಬಹುದೇ ಎಂದು ಯಾರಾದರೂ ಕೇಳಿದರೆ ನಾವು ನಕ್ಕುಬಿಡುತ್ತೇವೆ. ಆದರೆ ಈ ಪ್ರಶ್ನೆಯನ್ನು ಜಗತ್ತಿನ ಸಂಗೀತಗಾರರು ನೂರು ವರ್ಷಗಳಿಗೂ ಹಿಂದೆಯೇ ಗಂಭೀರವಾಗಿ ಕೇಳಿಕೊಂಡಿದ್ದಾರೆ.

1913ರಲ್ಲಿ ಇಟಲಿಯ ಲುಯಿಜಿ ರುಸ್ಸೊಲೊ ಎಂಬ ಕಲಾವಿದನು, ಯಂತ್ರಯುಗದ ಗದ್ದಲವೂ ಸಂಗೀತದ ಸಾಮಗ್ರಿಯಾಗಬಲ್ಲದೆಂದು ವಾದಿಸಿ ಒಂದು ಘೋಷಣಾಪತ್ರವನ್ನು ಬರೆದನು. ಗದ್ದಲವನ್ನು ಹೊರಡಿಸುವ ಪೆಟ್ಟಿಗೆಗಳನ್ನೂ ಕಟ್ಟಿದನು. 1976ರಲ್ಲಿ ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ಎಂಬ ತಂಡವು ತನ್ನ ಧ್ವನಿಮುದ್ರಣ ಸಂಸ್ಥೆಗೆ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂದು ಹೆಸರಿಟ್ಟಿತು. ಕಾರ್ಖಾನೆಯ ಸದ್ದನ್ನು ಹೋಲುವ ಆ ಬಗೆಯ ಸಂಗೀತಕ್ಕೆ ‘ಇಂಡಸ್ಟ್ರಿಯಲ್’ ಎಂಬ ಹೆಸರು ಬಂದುದು ಅಲ್ಲಿಂದಲೇ. 1978ರಲ್ಲಿ ಬ್ರಯಾನ್ ಈನೊ ವಿಮಾನ ನಿಲ್ದಾಣಕ್ಕೆಂದು ರಚಿಸಿದ ನಿಧಾನಗತಿಯ ಸಂಗೀತವನ್ನು ‘ಆಂಬಿಯೆಂಟ್’ ಎಂದು ಕರೆದನು. ಮುಂದೆ ಇವೆರಡೂ ಕೂಡಿ, ಸಾಹಿತ್ಯವಿಲ್ಲದ, ಹಾಡಿಕೊಳ್ಳಲು ಬಾರದ, ಆಳವಾದ ನಾದವೊಂದೇ ಬಹುಹೊತ್ತು ತುಂಬಿ ನಿಲ್ಲುವ ‘ಡಾರ್ಕ್ ಆಂಬಿಯೆಂಟ್’ ಹುಟ್ಟಿತು. ತಂಬೂರಿಯ ಶ್ರುತಿಯೊಂದನ್ನೇ ಕೇಳುತ್ತ ಕುಳಿತು ಬಲ್ಲವರಿಗೆ ಇದು ತೀರ ಅಪರಿಚಿತವೇನಲ್ಲ.

ಈ ಹಾದಿಯಲ್ಲಿ ನಡೆಯುವವರಲ್ಲಿ ಹೆಚ್ಚಿನವರಿಗೆ ಇದು ಹೊಟ್ಟೆಪಾಡಿನ ಕೆಲಸವಲ್ಲ. ಮುಖ್ಯ ಉದ್ಯೋಗದ ಪಕ್ಕದಲ್ಲಿ ಬಿಡುವಿನ ವೇಳೆಯಲ್ಲಿ ಬೆಳೆಸಿದ ಕೆಲಸ. ಆದುದರಿಂದಲೇ ಅದು ವರ್ಷಗಟ್ಟಲೆ ಮೌನವಾಗಿದ್ದು ಒಂದು ದಿನ ತಟ್ಟನೆ ಮರಳಿ ಬರುವುದುಂಟು. ನಮ್ಮ ದೇಶದಲ್ಲಿಯೂ ವಿದ್ಯುನ್ಮಾನ ಸಂಗೀತವು ಹೀಗೆ ಎರಡು ಸಲ ಮರಳಿ ಬಂದಿದೆ.

ಮೊದಲನೆಯದು ಮುಂಬಯಿಯದು. ಚರಣಜಿತ್ ಸಿಂಗ್ ಹಿಂದಿ ಚಲನಚಿತ್ರಗಳ ವಾದ್ಯವೃಂದದಲ್ಲಿ ಗಿಟಾರು ಮೊದಲಾದ ವಾದ್ಯಗಳನ್ನು ನುಡಿಸುತ್ತಿದ್ದ ಕಲಾವಿದರು. ಆರ್.ಡಿ. ಬರ್ಮನ್ ಅವರಂಥ ಸಂಗೀತ ನಿರ್ದೇಶಕರ ಕೈಕೆಳಗೆ ದುಡಿದವರು; ಮದುವೆ ಸಮಾರಂಭಗಳಲ್ಲಿಯೂ ನುಡಿಸುತ್ತಿದ್ದವರು. ಹಾಡು ಮನೆಮಾತಾದರೂ ಹಿಂದೆ ಕುಳಿತು ನುಡಿಸಿದವರ ಹೆಸರು ಕೇಳುಗರಿಗೆ ತಿಳಿಯುತ್ತಿರಲಿಲ್ಲ. 1982ರಲ್ಲಿ ಅವರು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿಕೊಂಡು, ತಮ್ಮದೇ ಆದ ಒಂದು ಕೆಲಸವನ್ನು ಎಚ್.ಎಂ.ವಿ.ಗಾಗಿ ಧ್ವನಿಮುದ್ರಿಸಿದರು. ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿದ ಆ ಧ್ವನಿಮುದ್ರಿಕೆಯು ಭೈರವದಿಂದ ಆರಂಭವಾಗಿ, ತೋಡಿ, ಯಮನ್, ಮಾಲಕೌಂಸ್‌ಗಳನ್ನು ಹಾದು ಬೈರಾಗಿಯಲ್ಲಿ ಮುಗಿಯುತ್ತದೆ.

ಆ ಮೂರು ಯಂತ್ರಗಳಲ್ಲಿ ಟಿಬಿ-303 ಎಂಬುದು ಸಣ್ಣ ಪೆಟ್ಟಿಗೆ. ಗಿಟಾರು ವಾದಕನಿಗೆ ಜೊತೆಗಾರನಿಲ್ಲದಾಗ ಮಂದ್ರ ಸ್ವರವನ್ನು ತಾನೇ ನುಡಿಸಲೆಂದು ಅದನ್ನು 1981ರಲ್ಲಿ ಮಾರುಕಟ್ಟೆಗೆ ತಂದಿದ್ದರು. ಅದು ನಿಜವಾದ ವಾದ್ಯದಂತೆ ಕೇಳಿಸಲಿಲ್ಲ, ಜನ ಕೊಳ್ಳಲಿಲ್ಲ, 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಆದರೆ ಆ ಪೆಟ್ಟಿಗೆಗೆ ಒಂದು ಗುಣವಿತ್ತು: ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರಬಲ್ಲದಾಗಿತ್ತು. ರಾಗ ಬಲ್ಲ ಕಿವಿಗೆ ಅದು ಮೀಂಡನ್ನು ನೆನಪಿಸುತ್ತದೆ. ಅದರಲ್ಲಿ ಒಂದು ಸುತ್ತಿಗೆ 16 ಘಟ್ಟಗಳನ್ನು ತುಂಬಬಹುದಾಗಿತ್ತು. ನಮ್ಮ ತೀನತಾಲಕ್ಕೂ 16 ಮಾತ್ರೆಗಳೇ. ಯಂತ್ರ ಕಟ್ಟಿದವರು ಊಹಿಸದಿದ್ದ ಕೆಲಸವನ್ನು ಚರಣಜಿತ್ ಸಿಂಗ್ ಅದರಿಂದ ಮಾಡಿಸಿದರು.

ಧ್ವನಿಮುದ್ರಿಕೆ ಮಾರಾಟವಾಗಲಿಲ್ಲ. ಅವರು ತಮ್ಮ ಎಂದಿನ ಕೆಲಸಕ್ಕೆ ಮರಳಿದರು. 1987ರಲ್ಲಿ ಅಮೆರಿಕದ ಶಿಕಾಗೊ ನಗರದ ತರುಣರು ಅದೇ ಟಿಬಿ-303ರಿಂದ ‘ಆಸಿಡ್ ಹೌಸ್’ ಎಂಬ ಹೊಸ ಸಂಗೀತವನ್ನು ಹೊರತಂದು ಲೋಕಪ್ರಸಿದ್ಧರಾದರು. ಮುಂಬಯಿಯಲ್ಲಿ ಐದು ವರ್ಷ ಮೊದಲೇ ಅದನ್ನು ಹೋಲುವ ನಾದ ಮುದ್ರಿತವಾಗಿತ್ತೆಂಬುದು ಅವರಿಗೂ ತಿಳಿಯದು, ನಮಗೂ ತಿಳಿಯದು. 2002ರಲ್ಲಿ ನೆದರ್ಲೆಂಡ್ಸ್‌ನ ಎಡೊ ಬೌಮನ್ ಎಂಬ ಸಂಗ್ರಾಹಕನಿಗೆ ದಿಲ್ಲಿಯ ಅಂಗಡಿಯೊಂದರಲ್ಲಿ ಆ ತಟ್ಟೆ ದೊರೆಯಿತು. ಆತ ಕಲಾವಿದರನ್ನು ಹುಡುಕಿಕೊಂಡು ಮುಂಬಯಿಗೆ ಬಂದನು. 2010ರಲ್ಲಿ ಅದನ್ನು ಮತ್ತೆ ಪ್ರಕಟಿಸಿದನು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಚರಣಜಿತ್ ಸಿಂಗ್ ಯುರೋಪಿನ ವೇದಿಕೆಗಳ ಮೇಲೆ ನಿಂತು, ತಮ್ಮ ಮೊಮ್ಮಕ್ಕಳ ವಯಸ್ಸಿನವರ ಮುಂದೆ ಅದೇ ರಾಗಗಳನ್ನು ಅದೇ ಬಗೆಯ ಯಂತ್ರಗಳಲ್ಲಿ ನುಡಿಸಿದರು. 2015ರಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ಎರಡನೆಯದು ಅಹಮದಾಬಾದಿನದು, ಕಾಲದಲ್ಲಿ ಇದಕ್ಕಿಂತ ಹಿಂದಿನದು. 1969ರಲ್ಲಿ ಅಲ್ಲಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಡೇವಿಡ್ ಟ್ಯೂಡರ್ ಅವರು ಮೂಗ್ ಎಂಬ ವಿದ್ಯುನ್ಮಾನ ಯಂತ್ರವನ್ನು ತಂದು ಸ್ಥಾಪಿಸಿದರು. ಪಖಾವಜ್ ವಾದನ ಬಲ್ಲ ಗೀತಾ ಸಾರಾಭಾಯಿ ಅವರೂ, ಇತರ ಕೆಲವರೂ 1972ರವರೆಗೆ ಅದರ ಮೇಲೆ ಪ್ರಯೋಗ ನಡೆಸಿದರು. ತಾಳವಿಲ್ಲದ, ಪಲ್ಲವಿಯಿಲ್ಲದ ಅವರ ಕೆಲವು ರಚನೆಗಳು ಇಂದಿನ ಡಾರ್ಕ್ ಆಂಬಿಯೆಂಟ್ ಸಂಗೀತಕ್ಕೆ ಇನ್ನೂ ಹತ್ತಿರವಾದವು. ಅನಂತರ ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಮಲಗಿದವು. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಸ್ ಅವುಗಳನ್ನು ಪತ್ತೆಹಚ್ಚಿ, 2023ರಲ್ಲಿ ಅವು ಪ್ರಕಟವಾಗುವಂತೆ ಮಾಡಿದರು.

ಈ ಎರಡು ಸಂಗತಿಗಳಿಂದ ನಾವು ತಿಳಿಯಬೇಕಾದುದೇನು? ‘ಪ್ರತಿಭೆ ಎಂದಾದರೂ ಬೆಳಕಿಗೆ ಬಂದೇ ಬರುತ್ತದೆ’ ಎಂಬ ಸಮಾಧಾನದ ಮಾತನ್ನು ಇಲ್ಲಿ ಹೇಳಲಾಗದು. ಬಾರದೆ ಹೋದವುಗಳ ಲೆಕ್ಕ ನಮ್ಮಲ್ಲಿಲ್ಲ. ಈ ಎರಡು ಮರಳಿ ಬಂದುದಕ್ಕೆ ಕಾರಣ ಬೇರೆಯೇ ಇದೆ: ಅವು ಧ್ವನಿಮುದ್ರಿತವಾಗಿದ್ದವು, ಮುದ್ರಿತವಾದುದನ್ನು ಯಾರೂ ಎಸೆದಿರಲಿಲ್ಲ. ತಟ್ಟೆ ಅಂಗಡಿಯಲ್ಲಿತ್ತು, ಟೇಪು ಕಪಾಟಿನಲ್ಲಿತ್ತು. ಹುಡುಕುವವನು ಬಂದಾಗ ಸಿಕ್ಕಿತು.

ಈ ಮಾತು ನಮಗೆ ಹೆಚ್ಚು ತಟ್ಟಬೇಕು. ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮ್ಮ ಕನ್ನಡವೇ ಒಂದರ್ಥದಲ್ಲಿ ಬದಿಯಲ್ಲಿ ಬದುಕುತ್ತಿರುವ ಮಾತು. ಕಚೇರಿಯಲ್ಲಿ ಮರಾಠಿ, ಉದ್ಯೋಗಕ್ಕೆ ಇಂಗ್ಲಿಷ್. ಮನೆಯಲ್ಲಿ, ಶಾಲೆಯಲ್ಲಿ, ಭಜನೆಯಲ್ಲಿ ಕನ್ನಡ. ಅಜ್ಜಿಯ ಬೀಸುವ ಪದ, ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯ ವಾದ್ಯಘೋಷ, ಮರಾಠಿ ಬೆರೆತ ಓಣಿಯ ನುಡಿ, ಗಿರಣಿಯ ಭೋಂಗಾದ ಹೊತ್ತಿಗೆ ಎದ್ದು ಹೋಗುತ್ತಿದ್ದ ಹಿರಿಯರ ನೆನಪು, ಇವು ಎಲ್ಲಿ ಮುದ್ರಿತವಾಗಿವೆ? ಹಳೆಯ ಗಿರಣಿಗಳು ಮುಚ್ಚಿದವು. ಅವುಗಳ ಸದ್ದೂ ಹೋಯಿತು. ಲಾಳಿಯಿಲ್ಲದ ಹೊಸ ಮಗ್ಗಗಳು ಬಂದಂತೆ ಲಾಳಿಯ ಖಟಖಟವೂ ನಾಳೆ ಇಲ್ಲವಾಗಬಹುದು.

ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ದೂರ ನಿಂತು ಕೇಳುವವನಿಗೆ ಸಂಗೀತವೆನಿಸುವ ಸದ್ದು ಅದರೊಳಗೆ ದುಡಿಯುವವನಿಗೆ ಹೊರೆ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬಲ್ ಮಿತಿಯನ್ನು ಹಾಕಿವೆ. ಪಕ್ಕದಲ್ಲಿದ್ದವನಿಗೂ ಕೂಗಿಯೇ ಹೇಳಬೇಕಾದ ಶೆಡ್ಡಿನಲ್ಲಿ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತದೆ. ಹಾಗೆ ಹೋದ ಶ್ರವಣಶಕ್ತಿ ಮರಳಿ ಬಾರದು. ಮನೆಯಲ್ಲಿ ಅಪ್ಪ ಟಿ.ವಿ.ಯ ಸದ್ದು ಏರಿಸುತ್ತಿದ್ದರೆ ರೇಗುವ ಬದಲು ಕಿವಿಯ ತಪಾಸಣೆಗೆ ಕರೆದೊಯ್ಯುವುದು ಲೇಸು. ಶೆಡ್ಡಿನಲ್ಲಿ ಕಿವಿಗೆ ರಕ್ಷಣೆ ಧರಿಸುವುದು ನಾಚಿಕೆಯ ಮಾತಲ್ಲ.

ಆದುದರಿಂದ ಶಾಲೆಯ ಮಕ್ಕಳಿಗೆ ಪಾಲಕರು, ಗುರುಗಳು ಒಂದು ಸಣ್ಣ ಕೆಲಸವನ್ನು ಒಪ್ಪಿಸಬಹುದು. ಮನೆಯ ಮೊಬೈಲಿನಲ್ಲಿ ವಾರಕ್ಕೊಂದು ಸದ್ದನ್ನು ಐದು ನಿಮಿಷ ಮುದ್ರಿಸಲಿ: ಶೆಡ್ಡಿನ ಹೊರಗೆ ನಿಂತು ಲೂಮಿನದು, ಒಳಗೆ ಕುಳಿತು ಅಜ್ಜಿಯದು. ಯಾರ ದನಿ, ಯಾವ ಊರು, ಯಾವ ದಿನ ಎಂಬುದನ್ನು ಮುದ್ರಿಕೆಯ ಮೊದಲಲ್ಲಿ ಕನ್ನಡದಲ್ಲಿಯೇ ಹೇಳಿಸಿರಿ. ಹೆಸರಿಲ್ಲದ ಟೇಪು ಹುಡುಕುವವನಿಗೆ ಅರ್ಧ ಮಾತ್ರ ಸಿಕ್ಕಂತೆ. ದನಿ ಕೊಡುವವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಮೊಬೈಲು ಕೆಡುತ್ತದೆ, ಕಳೆಯುತ್ತದೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಶಾಲೆಯ ಕಂಪ್ಯೂಟರಿನಲ್ಲಿ ಇರಲಿ. ಅಟ್ಟದ ಮೇಲೆ ಭಜನೆಯ ಹಳೆಯ ಕ್ಯಾಸೆಟ್ಟುಗಳಿದ್ದರೆ ಈ ದೀಪಾವಳಿಯ ಸ್ವಚ್ಛತೆಯಲ್ಲಿ ಅವನ್ನು ರದ್ದಿಗೆ ಹಾಕಬೇಡಿರಿ.

ಇದರಿಂದ ಅಂಕಗಳು ಹೆಚ್ಚುವುದಿಲ್ಲ. ಚರಣಜಿತ್ ಸಿಂಗ್ ಅವರಿಗೂ ಆ ಹತ್ತು ರಾಗಗಳಿಂದ ಆಗ ಹಣ ಬರಲಿಲ್ಲ. ಮನೆ ನಡೆದುದು ಮದುವೆಯ ಸಮಾರಂಭಗಳಿಂದ, ಚಿತ್ರಗಳ ವಾದ್ಯವೃಂದದಿಂದ. ಎರಡನ್ನೂ ಅವರು ಬಿಡಲಿಲ್ಲ. ಪುಸ್ತಕ ಮುಚ್ಚಿ ಮಗು ಮೂಲೆಯಲ್ಲಿ ಕುಳಿತು ಏನನ್ನೋ ಕೇಳುತ್ತಿದ್ದರೆ, ಬೈಯುವ ಮೊದಲು ಏನು ಕೇಳುತ್ತಿದೆ ಎಂದು ಒಮ್ಮೆ ವಿಚಾರಿಸೋಣ.