ಕಾವೇರಿ ಜಂಕ್ಷನ್‌ನಲ್ಲಿ ಕಾವೇರಿ ಇಲ್ಲ

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಕಾವೇರಿ ಜಂಕ್ಷನ್ ಇಂದಿಗೂ ಇದೆ. ಆ ಹೆಸರು ಕೊಟ್ಟ ಚಿತ್ರಮಂದಿರ ಮಾತ್ರ ಇಲ್ಲ. 1974ರಲ್ಲಿ ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ ಬಾಗಿಲು ತೆರೆದ ಕಾವೇರಿ, ಐವತ್ತು ತುಂಬಿದ 2024ರಲ್ಲೇ ಬಾಗಿಲು ಹಾಕಿತು. ಸಾವಿರಕ್ಕೂ ಹೆಚ್ಚು ಆಸನಗಳಿದ್ದ ಆ ಕಟ್ಟಡವನ್ನು ಕೆಡವಲಾಯಿತು. ಈ ನಗರಕ್ಕೆ ಇದು ಹೊಸದೇನಲ್ಲ. ಮೆಜೆಸ್ಟಿಕ್ ಎಂಬ ಟಾಕೀಸು ಹೋದರೂ ಊರಿನ ಅತಿ ದೊಡ್ಡ ಬಸ್ ನಿಲ್ದಾಣವನ್ನು ಜನ ಕರೆಯುವುದು ಅದರ ಹೆಸರಿನಿಂದಲೇ. ಮಿನರ್ವ ಟಾಕೀಸು ಹೋಯಿತು, ಮಿನರ್ವ ಸರ್ಕಲ್ ಉಳಿಯಿತು. ಒಂದು ಖಾಸಗಿ ಕಟ್ಟಡದ ಹೆಸರನ್ನು ಜನ ತಾವಾಗಿಯೇ ವೃತ್ತಕ್ಕೂ ನಿಲ್ದಾಣಕ್ಕೂ ಇಟ್ಟುಕೊಂಡಿದ್ದಾರೆ ಎಂದರೆ, ಅದನ್ನು ಅವರು ಬರೀ ವ್ಯಾಪಾರದ ಅಂಗಡಿ ಎಂದು ಎಣಿಸಿರಲಿಲ್ಲ. ಹಾಗಿದ್ದೂ ಒಂದೊಂದು ಟಾಕೀಸು ಮುಚ್ಚಿದಾಗಲೂ ನಾವು ಹೇಳಿಕೊಳ್ಳುವುದು ಒಂದೇ ಮಾತು: ಜನ ಬರುವುದು ನಿಂತಿತು, ಬಾಗಿಲು ಮುಚ್ಚಿತು. ಇದು ಅರ್ಧ ಸತ್ಯ. ಜನ ಸಿನಿಮಾ ಬಿಡುವ ಮೊದಲೇ ಸಿನಿಮಾ ವ್ಯಾಪಾರ ದೊಡ್ಡ ಟಾಕೀಸಿನ ಕೈ ಬಿಟ್ಟಿತ್ತು.

ಇದು ಅರ್ಥವಾಗಬೇಕಾದರೆ ಫಿಲಂ ಕಾಲದ ಪ್ರೊಜೆಕ್ಟರ್ ಕೋಣೆಗೆ ಹೋಗಬೇಕು. 35 ಎಂ.ಎಂ. ಫಿಲಂ ಸೆಕೆಂಡಿಗೆ 24 ಚೌಕಟ್ಟಿನಂತೆ, ಎಂದರೆ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಸಾವಿರ ಅಡಿಯ ರೀಲು ಸುಮಾರು 11 ನಿಮಿಷದಲ್ಲಿ ಮುಗಿಯುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಫಿಲಂ ಬೇಕು. ಕೋಣೆಯಲ್ಲಿ ಎರಡು ಯಂತ್ರಗಳು. ಒಂದರಲ್ಲಿ ರೀಲು ಮುಗಿಯುತ್ತಾ ಬಂದಾಗ ತೆರೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ. ಆಪರೇಟರ್ ಅದನ್ನೇ ಕಾದಿದ್ದು ಇನ್ನೊಂದು ಯಂತ್ರಕ್ಕೆ ಬದಲಾಯಿಸುತ್ತಾನೆ. ಪ್ರಿಂಟು ದುಬಾರಿ, ಹಾಗಾಗಿ ವಿರಳ. ಎಷ್ಟೋ ಕಡೆ ಎರಡು ಟಾಕೀಸಿಗೆ ಒಂದೇ ಪ್ರಿಂಟು; ಇಲ್ಲಿ ಓಡಿ ಮುಗಿದ ರೀಲುಗಳನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಹುಡುಗನೊಬ್ಬ ಅಲ್ಲಿಗೆ ಮುಟ್ಟಿಸಬೇಕು. ಅವನು ತಡಮಾಡಿದರೆ ಸಭಾಂಗಣದ ತುಂಬ ಶಿಳ್ಳೆ.

ಬಡಾವಣೆಯ ಟಾಕೀಸಿನ ಬದುಕು ನಿಂತಿದ್ದೇ ಈ ವಿರಳತೆಯ ಮೇಲೆ. ಚಿತ್ರ ಮೊದಲು ಕೆಂಪೇಗೌಡ ರಸ್ತೆಯ ಮುಖ್ಯ ಚಿತ್ರಮಂದಿರದಲ್ಲಿ ತೆರೆಕಂಡು, ವಾರಗಳುರುಳಿದ ಮೇಲೆ ಬಡಾವಣೆಗಳಿಗೆ ‘ಶಿಫ್ಟ್’ ಆಗಿ, ಕೊನೆಗೆ ಹಳ್ಳಿಯ ಟೆಂಟು ಸೇರುತ್ತಿತ್ತು. ಕಾದವರಿಗೆಲ್ಲ ಸರದಿ ಬರುತ್ತಿತ್ತು. ಸಾವಿರ ಆಸನ ತುಂಬಲು ನೂರು ದಿನದ ಅವಕಾಶವಿತ್ತು. 1972ರ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಈ ವ್ಯವಸ್ಥೆಯಲ್ಲಿ. ಡಿಜಿಟಲ್ ಪ್ರದರ್ಶನ ಬಂದ ಮೇಲೆ ಪ್ರಿಂಟಿನ ಖರ್ಚೇ ಇಲ್ಲವಾಯಿತು. ಒಂದೇ ಶುಕ್ರವಾರ ನೂರಾರು ತೆರೆಗಳಲ್ಲಿ ಬಿಡುಗಡೆ, ಸೋಮವಾರದೊಳಗೆ ಹಣೆಬರಹ ನಿರ್ಧಾರ. ಮೂರು ದಿನದಲ್ಲಿ ಫಸಲು ಕೊಯ್ಯುವ ವ್ಯಾಪಾರದಲ್ಲಿ ಸಾವಿರ ಆಸನದ ಒಂದೇ ತೆರೆ ವಾರದ ಉಳಿದ ದಿನ ಖಾಲಿ ಕಣ. ಲೆಕ್ಕ ಸರಳ: ಸಾವಿರ ಆಸನ, ದಿನಕ್ಕೆ ನಾಲ್ಕು ಆಟ, ವಾರಕ್ಕೆ 28,000 ಟಿಕೆಟ್. ಮೂರರಲ್ಲೊಂದು ಪಾಲು ತುಂಬಿಸಲೂ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಬೇಕು. ಐವತ್ತೇ ಜನ ಬಂದರೂ ದೀಪ, ಫ್ಯಾನು, ಸಿಬ್ಬಂದಿ ಎಲ್ಲ ಅಷ್ಟೇ. ಅದೇ ಸಾವಿರ ಆಸನವನ್ನು ಐದು ತೆರೆಗಳಿಗೆ ಹಂಚಿಕೊಂಡ ಮಲ್ಟಿಪ್ಲೆಕ್ಸು, ಓಡುವ ಚಿತ್ರಕ್ಕೆ ಮೂರು ತೆರೆ ಕೊಟ್ಟು ಸೋತದ್ದನ್ನು ಸಣ್ಣ ಕೋಣೆಗೆ ತಳ್ಳುತ್ತದೆ. ಒಂದೇ ತೆರೆಯ ಟಾಕೀಸಿಗೆ ಆ ಜಾರಿಕೊಳ್ಳುವ ದಾರಿಯಿಲ್ಲ. ಅದರ ಮೇಲೆ ನಗರದ ನಡುವಿನ ನೆಲದ ಬೆಲೆ ಬೇರೆ. ಖಾಲಿ ಆಸನಗಳ ಕೆಳಗಿನ ಭೂಮಿಯೇ ಟಿಕೆಟ್ಟಿಗಿಂತ ಹೆಚ್ಚು ದುಡಿಯಬಲ್ಲದು ಎಂದಾದ ಮೇಲೆ ಮಾಲೀಕ ಎಷ್ಟು ದಿನ ತಡೆದಾನು?

ಟಾಕೀಸನ್ನು ಕೊಂದದ್ದು ಮನೆಯ ತೆರೆ ಎನ್ನುವವರಿದ್ದಾರೆ. ಆದರೆ ಕಾವೇರಿಯ ಐವತ್ತು ವರ್ಷದಲ್ಲಿ ದೂರದರ್ಶನ, ವಿಡಿಯೊ ಕ್ಯಾಸೆಟ್, ಕೇಬಲ್, ಸಿ.ಡಿ. ಎಲ್ಲವೂ ಬಂದವು, ಅದು ಅವನ್ನೆಲ್ಲ ದಾಟಿತು. ಮೊಬೈಲು ಮತ್ತು ಒಟಿಟಿ ಕೊಟ್ಟ ಪೆಟ್ಟು ನಿಜ, ಆದರೆ ಆ ಪೆಟ್ಟು ಬಿದ್ದದ್ದು ಆಗಲೇ ಸೊರಗಿದ್ದ ಮೈಮೇಲೆ. ಹರಿದ ಸೀಟು, ನಾರುವ ಶೌಚಾಲಯ ಇಟ್ಟುಕೊಂಡವರಿಗೆ ಯಾಕೆ ಮರುಗಬೇಕು ಎಂಬ ಪ್ರಶ್ನೆಯೂ ನ್ಯಾಯವೇ. ಹಾಳುಬಿದ್ದ ಟಾಕೀಸುಗಳು ಪ್ರೇಕ್ಷಕರನ್ನು, ಅದರಲ್ಲೂ ಹೆಂಗಸರನ್ನು, ತಾವೇ ಓಡಿಸಿದವು. ಮಲ್ಟಿಪ್ಲೆಕ್ಸು ಕನ್ನಡಕ್ಕೆ ಶತ್ರು ಎಂಬ ಮಾತೂ ನಿಲ್ಲುವುದಿಲ್ಲ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಓಡಿತು.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಹಳೆಯ ಟಾಕೀಸು ಎಲ್ಲರನ್ನೂ ಒಂದುಗೂಡಿಸಿತು ಎಂದು ಹೊಗಳುತ್ತೇವೆ; ಅಲ್ಲಿಯೂ ತೆರೆಯ ಮುಂದಿನ ಅಗ್ಗದ ಗಾಂಧಿ ಕ್ಲಾಸಿಗೆ ಬೇರೆ ಬಾಗಿಲು, ಬಾಲ್ಕನಿಗೆ ಬೇರೆ ಮೆಟ್ಟಿಲು ಇರಲಿಲ್ಲವೇ? ಇದ್ದವು. ಅದು ಸಮಾನತೆಯಲ್ಲ. ಆದರೂ ಕೂಲಿಯವನ ಜೇಬಿಗೂ ಡಾಕ್ಟರ ಜೇಬಿಗೂ ಒಂದೇ ಸೂರಿನಡಿ, ಒಂದೇ ಆಟಕ್ಕೆ ಟಿಕೆಟ್ ಇತ್ತು. ಮುಂದಿನ ಬೆಂಚಿನ ಶಿಳ್ಳೆ ಬಾಲ್ಕನಿಗೆ ಕೇಳುತ್ತಿತ್ತು. ಹಾಸ್ಯಕ್ಕೆ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಮಲ್ಟಿಪ್ಲೆಕ್ಸಿನ ಜರಡಿ ಮಾಲ್‌ನ ಬಾಗಿಲಲ್ಲೇ ಶುರುವಾಗುತ್ತದೆ: ಪಾರ್ಕಿಂಗ್, ಟಿಕೆಟ್, ಪಾಪ್‌ಕಾರ್ನ್. ಗಾಂಧಿ ಕ್ಲಾಸಿನವನು ಹಿಂದಿನ ಸಾಲಿಗೆ ಬಡ್ತಿ ಪಡೆಯಲಿಲ್ಲ, ಪಟ್ಟಿಯಿಂದಲೇ ಬಿದ್ದುಹೋದ. ಕಳೆದುಹೋದದ್ದು ಸಿನಿಮಾ ಅಲ್ಲ. ನಡೆದುಹೋಗುವಷ್ಟು ಹತ್ತಿರದಲ್ಲಿ, ದಿನಗೂಲಿಗೆ ಹೊರೆಯಾಗದ ಬೆಲೆಯಲ್ಲಿ ಇದ್ದ ಒಂದು ಜಾಗ.

ಹಾಗಾದರೆ ಮಾಲೀಕರನ್ನು ಕಾನೂನಿನಿಂದ ಕಟ್ಟಿಹಾಕಬೇಕೇ? ಮುಂಬೈ ಅದನ್ನು ಮಾಡಿ ನೋಡಿದೆ. ಟಾಕೀಸು ಕೆಡವಿ ಕಟ್ಟುವವರು ಹಳೆಯ ಆಸನಗಳಲ್ಲಿ ಮೂರನೇ ಒಂದು ಭಾಗವನ್ನು ಚಿತ್ರಮಂದಿರವಾಗಿಯೇ ಉಳಿಸಬೇಕೆಂಬ ಷರತ್ತು ಅಲ್ಲಿತ್ತು. ನಷ್ಟದ ವ್ಯಾಪಾರ ಮಾಡಿ ಎನ್ನುವ ನಿಯಮ ಇದು ಎಂದು ಮಾಲೀಕರು ದೂರಿದರು. ಎಷ್ಟೋ ಕಟ್ಟಡಗಳು ಬೀಗ ಹಾಕಿಕೊಂಡೇ ನಿಂತವು. ನಮ್ಮೆಲ್ಲರ ನೆನಪಿನ ಬಾಡಿಗೆಯನ್ನು ಒಬ್ಬ ಮಾಲೀಕನೇ ಕಟ್ಟಲಿ ಎನ್ನುವುದು ನ್ಯಾಯವಲ್ಲ. ಕೇರಳ ಹಿಡಿದದ್ದು ಬೇರೆ ದಾರಿ: ಅಲ್ಲಿನ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮವೇ ಕೈರಳಿ, ಶ್ರೀ ಮುಂತಾದ ಚಿತ್ರಮಂದಿರಗಳನ್ನು ನಡೆಸುತ್ತಿದೆ. ಹತ್ತಿರದ, ಅಗ್ಗದ ತೆರೆ ಸಾರ್ವಜನಿಕ ಅಗತ್ಯ ಎಂದು ಒಪ್ಪುವುದಾದರೆ ಅದರ ಖರ್ಚನ್ನೂ ಸಾರ್ವಜನಿಕವಾಗಿಯೇ ಹೊರಬೇಕು.

ಅದಕ್ಕೆ ಸಾವಿರ ಆಸನ ಬೇಕಿಲ್ಲ, ಇನ್ನೂರು ಸಾಕು. ಗ್ರಂಥಾಲಯಕ್ಕೆಂದು ಆಸ್ತಿ ತೆರಿಗೆಯ ಜೊತೆ ಕರ ಕಟ್ಟುವ ಊರು ನಮ್ಮದು. ವಾರ್ಡಿಗೊಂದು ಓದುವ ಕೋಣೆ ಬೇಕೆಂದು ಒಪ್ಪಿದವರಿಗೆ, ನಾಲ್ಕಾರು ವಾರ್ಡುಗಳ ನಡುವೆ ಒಂದು ಸಣ್ಣ ತೆರೆ ಬೇಕೆಂಬುದು ಅತಿಯಾಸೆ ಅನ್ನಿಸಬಾರದು. ಮುಚ್ಚಿದ ಟಾಕೀಸಿನ ಮುಂದೆ ಫೋಟೊ ತೆಗೆದು ಮರುಗುವವರು, ಮುಂದಿನ ಚುನಾವಣೆಯಲ್ಲಿ ಮನೆಗೆ ಮತ ಕೇಳಲು ಬಂದವರ ಮುಂದೆ ಈ ಬೇಡಿಕೆ ಇಡಲಿ.